ಜಗಳ ಮಾಡಿ ಪಡೆದ ಸೈಕಲ್ ದಾರಿ

ಎಲ್ಲರಿಗೂ ನಮಸ್ಕಾರ. ನೆದರ್‌ಲ್ಯಾಂಡ್ಸ್ ದೇಶದ ಆಮ್‌ಸ್ಟರ್‌ಡ್ಯಾಮಿನ ಕಾಲುವೆಗಳ ಸೊಬಗನ್ನು ಇವರು ವರ್ಣಿಸುತ್ತಾರೆ ಎಂದು ಅಧ್ಯಕ್ಷರು ಹೇಳಿಬಿಟ್ಟರು. ಕಾಲುವೆಗಳು ಚೆನ್ನಾಗಿವೆ, ಫೋಟೋ ನಿಮ್ಮ ಫೋನಿನಲ್ಲೇ ಸಿಗುತ್ತದೆ. ನಾನು ಸೈಕಲ್ ಬಗ್ಗೆ ಮಾತಾಡುತ್ತೇನೆ, ಬೇಜಾರು ಮಾಡ್ಕೋಬೇಡಿ.

ಅಲ್ಲಿ ಸೈಕಲ್ ಜಾಸ್ತಿ ಅನ್ನುವುದು ಹೋಗುವ ಮೊದಲೇ ಗೊತ್ತಿತ್ತು. ಆಶ್ಚರ್ಯ ಆಗಿದ್ದು ಅವು ಎಷ್ಟು ಹಳೆಯವು ಅಂತ. ತುಕ್ಕು ಹಿಡಿದ ಹ್ಯಾಂಡಲ್, ಹರಿದ ಸೀಟಿಗೊಂದು ಪ್ಲಾಸ್ಟಿಕ್ ಕವರು. ಆದರೆ ಬೀಗ ನೋಡಬೇಕು! ನಮ್ಮ ದೇವಸ್ಥಾನದ ಹುಂಡಿಗೂ ಅಂಥ ಸರಪಳಿ ಇರುವುದಿಲ್ಲ. ಕಳ್ಳತನ ಅಷ್ಟಿದೆ. ಸಾಲದ್ದಕ್ಕೆ ಕಾಲುವೆಗಳ ತಳದಿಂದ ವರ್ಷಕ್ಕೆ ಸಾವಿರಾರು ಸೈಕಲ್ ಎತ್ತುತ್ತಾರೆ. ಕೋಟು ಹಾಕಿದ ಆಫೀಸಿನವರು, ಮುಂದಿನ ಮರದ ಪೆಟ್ಟಿಗೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡ ತಾಯಂದಿರು, ಅಜ್ಜಂದಿರು, ಎಲ್ಲರೂ ಸೈಕಲ್ ಮೇಲೆ. ಮಳೆ ಬಂದರೂ ನಿಲ್ಲುವುದಿಲ್ಲ. ಪ್ರವಾಸಿಗರು ಯಾರಾದರೂ ಸೈಕಲ್ ಪಥದಲ್ಲಿ ನಿಂತು ಸೆಲ್ಫಿ ತೆಗೆದರೆ ಬೈಗುಳ ಬೀಳುತ್ತದೆ. ಆ ಬೈಗುಳಕ್ಕೆ ಡಚ್ ಭಾಷೆ ಬರಬೇಕಾಗಿಲ್ಲ.

ಇದನ್ನೆಲ್ಲ ಹೇಳಿದರೆ ನಮ್ಮವರ ಉತ್ತರ ಒಂದೇ. "ಅವರ ಸಂಸ್ಕೃತಿನೇ ಹಾಗೆ, ಬಿಡಿ." ಇಲ್ಲ ಸ್ವಾಮಿ! ಅದು ಆಕಾಶದಿಂದ ಉದುರಿದ್ದಲ್ಲ. ಜಗಳ ಮಾಡಿ ತೆಗೆದುಕೊಂಡದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅವರಿಗೂ ಕಾರಿನ ಹುಚ್ಚು ಹಿಡಿದಿತ್ತು. 1954ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪೊಲೀಸ್ ಮುಖ್ಯಸ್ಥರೇ ಒಂದು ಸಲಹೆ ಕೊಟ್ಟರು, ಕಾಲುವೆಗಳನ್ನು ಮುಚ್ಚಿ ರಸ್ತೆ ಮಾಡೋಣ ಅಂತ. ಇವತ್ತು ಯುನೆಸ್ಕೋ ಪಟ್ಟಿಯಲ್ಲಿರುವ ಕಾಲುವೆಗಳು ಅವು!

ಈಗ ನನಗೆ ಬಹಳ ಇಷ್ಟವಾದ ಕತೆಗೆ ಬರುತ್ತೇನೆ. 1965ರಲ್ಲಿ ಪ್ರೊವೋ ಅಂತ ಒಂದು ಹುಡುಗರ ಗುಂಪು ಇತ್ತು. ಕೀಟಲೆ ಮಾಡುತ್ತಲೇ ಸರ್ಕಾರವನ್ನು ಕಾಡುವವರು. ಕಾರು ಬೇಡ, ಊರಿಗೆಲ್ಲ ಬಿಟ್ಟಿ ಸೈಕಲ್ ಕೊಡಿ ಎಂದರು. ಸುಮ್ನೆ ಹೇಳಿ ಕೂರಲಿಲ್ಲ. ಕೆಲವು ಸೈಕಲ್‌ಗಳಿಗೆ ಬಿಳಿ ಬಣ್ಣ ಬಳಿದು ಬೀದಿಯಲ್ಲಿ ನಿಲ್ಲಿಸಿದರು. ಬೇಕಾದವರು ಹತ್ತಿ ಹೋಗಬಹುದು, ಇಳಿದ ಜಾಗದಲ್ಲಿ ಬಿಡಬಹುದು. ಪೊಲೀಸರು ಬಂದು ಸೈಕಲ್‌ಗಳನ್ನು ಹೊತ್ತುಕೊಂಡು ಹೋದರು. ಅಪರಾಧ ಏನು ಗೊತ್ತಾ? ಬೀಗ ಹಾಕಿರಲಿಲ್ಲ! ಬೀಗ ಹಾಕದೆ ಸೈಕಲ್ ಬಿಡಬಾರದು ಅಂತ ಕಾನೂನು. ಹುಡುಗರು ಬಿಡುತ್ತಾರಾ? ನಂಬರ್ ಬೀಗ ಹಾಕಿದರು, ಆ ನಂಬರನ್ನು ಸೈಕಲ್ ಮೇಲೇ ಬರೆದರು. ಕಾನೂನೂ ಪಾಲನೆ ಆಯ್ತು, ಸೈಕಲ್ಲೂ ಎಲ್ಲರದ್ದಾಯ್ತು. ಆ ಯೋಜನೆ ಹೆಚ್ಚು ದಿನ ಬಾಳಲಿಲ್ಲ, ನಿಜ. ಆದರೆ 2017ರಲ್ಲಿ ನಮ್ಮ ಮೈಸೂರಿಗೆ ಬಂದ ಟ್ರಿನ್ ಟ್ರಿನ್ ಅನ್ನುವ ಬಾಡಿಗೆ ಸೈಕಲ್‌ಗಳ ವಂಶ ಹುಡುಕುತ್ತಾ ಹೋದರೆ ಈ ತರಲೆ ಹುಡುಗರೇ ಮೂಲಪುರುಷರು. ಟ್ರಿನ್ ಟ್ರಿನ್ ಉದ್ಘಾಟನೆಯಲ್ಲಿ ಇವರನ್ನು ಯಾರೂ ನೆನೆದ ಹಾಗಿಲ್ಲ.

ಮುಂದಿನದು ನಗುವ ವಿಷಯ ಅಲ್ಲ. 1971ರಲ್ಲಿ ಆ ಪುಟ್ಟ ದೇಶದಲ್ಲಿ ರಸ್ತೆ ಅಪಘಾತಕ್ಕೆ ಸತ್ತವರು 3,000ಕ್ಕೂ ಹೆಚ್ಚು. ಅದರಲ್ಲಿ ಮಕ್ಕಳೇ 400ಕ್ಕೂ ಹೆಚ್ಚು. ಮಗಳನ್ನು ಕಳೆದುಕೊಂಡ ಪತ್ರಕರ್ತರೊಬ್ಬರು 'ಮಕ್ಕಳ ಕೊಲೆ ನಿಲ್ಲಿಸಿ' ಎಂದು ಬರೆದರು. ಅದೇ ಚಳವಳಿಯ ಹೆಸರಾಯಿತು. ಅಪ್ಪ ಅಮ್ಮಂದಿರು, ಮಕ್ಕಳು ರಸ್ತೆಯಲ್ಲೇ ಕೂತರು. 1973ರ ತೈಲ ಬಿಕ್ಕಟ್ಟು ಬಂತು, ಭಾನುವಾರ ಕಾರು ತೆಗೆಯಬಾರದು ಎಂದು ಸರ್ಕಾರವೇ ಹೇಳಿತು. ಖಾಲಿ ರಸ್ತೆ ಹೇಗಿರುತ್ತದೆ ಅಂತ ಜನ ಕಣ್ಣಾರೆ ಕಂಡರು. ಅದನ್ನೇ ನಾನು ಹೇಳುತ್ತಿರುವುದು, ಉದುರಿದ್ದಲ್ಲ, ಜಗಳ ಮಾಡಿದ್ದು.

"ಅಲ್ಲಿ ನೆಲ ಸಮತಟ್ಟು, ಅದಕ್ಕೇ" ಅನ್ನುವವರೂ ಇದ್ದಾರೆ. ಅಲ್ವಾ, ಮುಂದಿನ ಸಾಲಿನವರು ತಲೆ ಆಡಿಸುತ್ತಿದ್ದೀರಿ. 1960ರಲ್ಲೂ ಅದು ಸಮತಟ್ಟೇ ಆಗಿತ್ತು ಸಾರ್. ಆಗ ಸೈಕಲ್ ಯಾಕೆ ಕಮ್ಮಿ ಆಗುತ್ತಾ ಬಂತು? ನೆಲ ಸಮತಟ್ಟಾದರೂ ಅಲ್ಲಿನ ಎದುರುಗಾಳಿಯಂತೂ ಬೇಡವೇ ಬೇಡ, ಇಳಿದು ತಳ್ಳೋಣ ಅನ್ನಿಸುತ್ತದೆ.

ಸಮಯ ಆಯಿತು ಎಂದು ಚೀಟಿ ಬಂತು. ಬೇಗ ಮುಗಿಸುತ್ತೇನೆ. ರೈಕ್ಸ್‌ಮ್ಯೂಸಿಯಂ ಕಟ್ಟಡದ ನಡುವೆಯೇ ಸೈಕಲ್ ದಾರಿ ಹಾದುಹೋಗುತ್ತದೆ. ದೇಶದ ಅತಿ ದೊಡ್ಡ ಮ್ಯೂಸಿಯಂ, ರೆಂಬ್ರಾಂಟ್ ಚಿತ್ರಗಳು ಒಳಗೆ, ಕೆಳಗೆ ತರಕಾರಿ ಚೀಲ ನೇತುಹಾಕಿಕೊಂಡ ಸೈಕಲ್ ಸವಾರ. 2003ರಿಂದ 2013ರವರೆಗೆ ದುರಸ್ತಿ ನಡೆಯಿತು. ಮುಖ್ಯ ಬಾಗಿಲನ್ನು ಆ ದಾರಿಯಲ್ಲೇ ಮಾಡಬೇಕೆಂದು ವಾಸ್ತುಶಿಲ್ಪಿಗಳಿಗೆ ಆಸೆ. ಸೈಕಲ್ ಸವಾರರ ಸಂಘ ಒಪ್ಪಲಿಲ್ಲ. ನಕ್ಷೆಯೇ ಬದಲಾಯಿತು. ಮತ್ತೆ ಜಗಳ, ನೋಡಿ!

ಇನ್ನೂ ಎರಡು ವಿಷಯ ಇದ್ದವು. ಸೆಂಟ್ರಲ್ ಸ್ಟೇಷನ್ ಎದುರಿನ ನೀರಿನ ಕೆಳಗೆ 2023ರಲ್ಲಿ 7,000 ಸೈಕಲ್ ನಿಲ್ಲಿಸುವ ಜಾಗ ತೆರೆದರು. ಅದೇ ವರ್ಷದ ಡಿಸೆಂಬರಿನಿಂದ ಊರಿನ ಬಹುಪಾಲು ರಸ್ತೆಗಳಲ್ಲಿ ವೇಗದ ಮಿತಿ ಗಂಟೆಗೆ 30 ಕಿಲೋಮೀಟರ್. ನಮ್ಮಲ್ಲಿ ಸ್ಕೂಲ್ ಎದುರಾದರೂ ಮೊದಲು ಇದನ್ನು ಕೇಳೋಣ. ಮನವಿ ಪತ್ರ ಬಾಗಿಲ ಬಳಿ ಮೇಜಿನ ಮೇಲಿದೆ, ಸಹಿ ಹಾಕಿ ಹೋಗಿ. ಪೆನ್ನು ಒಂದೇ ಇದೆ, ಅದನ್ನು ಮಾತ್ರ ಜೇಬಿಗೆ ಹಾಕಿಕೊಳ್ಳಬೇಡಿ. ಈಗ ಪ್ರಶ್ನೆ ಕೇಳಿ.