ನಾಲ್ಕರಿಂದ ಮೇಲೆದ್ದ ಮಾರಿಷಸ್ ಚಾಣ

ಕೇಳುಗರಿಗೆ ನಮಸ್ಕಾರ.

ಮಾರಿಷಸ್ ಅಂದ ಕೂಡಲೇ ಡೋಡೋ ನೆನಪಾಗುತ್ತದೆ, ಅಲ್ವಾ? 1598ರಲ್ಲಿ ಡಚ್ಚರು ಅಲ್ಲಿ ಬಂದಿಳಿದರು. ನೂರು ವರ್ಷ ತುಂಬುವ ಹೊತ್ತಿಗೆ ಡೋಡೋ ಇಲ್ಲವಾಗಿತ್ತು. ಅದೇ ದ್ವೀಪದಲ್ಲಿ ಜನ ಪಟ್ಟುಹಿಡಿದು ಉಳಿಸಿಕೊಂಡ ಇನ್ನೊಂದು ಹಕ್ಕಿ ಇದೆ. ಇವತ್ತು ಅದರ ವಿಷಯ ಹೇಳುತ್ತೇನೆ.

ಅದು ಪುಟ್ಟ ಚಾಣ. ಕಾಡಿನ ಹಲ್ಲಿಗಳನ್ನು ಹಿಡಿದು ತಿನ್ನುವ ಬೇಟೆ ಹಕ್ಕಿ. 1974ರಲ್ಲಿ ಕಾಡಿನಲ್ಲಿ ಕಂಡದ್ದು 4 ಹಕ್ಕಿ ಮಾತ್ರ. ಪ್ರಪಂಚದ ಬೇರೆಲ್ಲೂ ಅದು ಇಲ್ಲ.

ಹೀಗೇಕಾಯಿತು? ಕಬ್ಬು ಬೆಳೆಯಲು ಕಾಡು ಕಡಿದರು. ಸೊಳ್ಳೆ ಕೊಲ್ಲಲು ಡಿಡಿಟಿ ಹೊಡೆದರು. ಬಾವಲಿ ಬಿಟ್ಟರೆ ಆ ನೆಲದಲ್ಲಿ ಮೊದಲು ಸಸ್ತನಿಗಳೇ ಇರಲಿಲ್ಲ. ಹಡಗುಗಳ ಜೊತೆ ಇಲಿ, ಬೆಕ್ಕು, ಕೋತಿ ಬಂದವು. 1900ರ ಸುಮಾರಿಗೆ ಇಲಿ ಹಿಡಿಯಲಿ ಅಂತ ಮುಂಗುಸಿಯನ್ನು ತಂದು ಬಿಟ್ಟರು. ಇಲಿ ಜಾಸ್ತಿ ಓಡಾಡುವುದು ರಾತ್ರಿ, ಮುಂಗುಸಿ ಹಗಲು. ಅದು ಹಕ್ಕಿಗಳಿಗೂ ಬಾಯಿ ಹಾಕಿತು. ಅಂಥ ಶತ್ರುವನ್ನೇ ಕಾಣದೆ ಬೆಳೆದ ಹಕ್ಕಿಗಳಿಗೆ ತಪ್ಪಿಸಿಕೊಳ್ಳುವುದು ಗೊತ್ತಿರಲಿಲ್ಲ.

1979ರಲ್ಲಿ ವೇಲ್ಸ್‌ನ ಯುವಕ ಕಾರ್ಲ್ ಜೋನ್ಸ್ ಅಲ್ಲಿಗೆ ಹೋದರು. ಚಾಣವನ್ನು ಉಳಿಸುವ ಕೆಲಸವನ್ನು ನಿಲ್ಲಿಸಿ ಬರಬೇಕು ಅನ್ನುವುದು ಅವರಿಗೆ ಬಂದಿದ್ದ ಸೂಚನೆ. ಅವರು ನಿಲ್ಲಿಸಲಿಲ್ಲ. ಕೋಳಿ ಸಾಕಿದವರಿಗೆ ಗೊತ್ತು, ಮೊಟ್ಟೆ ತೆಗೆದರೆ ಕೋಳಿ ಮತ್ತೆ ಇಡುತ್ತದೆ. ಚಾಣವೂ ಹಾಗೇ. ಬಂಡೆಯ ಪೊಟರೆಗೆ ಹತ್ತಿ ಮೊದಲ ಮೊಟ್ಟೆಗಳನ್ನು ತಂದು, ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡಿದರು. ಅತ್ತ ತಾಯಿ ಮತ್ತೆ ಮೊಟ್ಟೆ ಇಟ್ಟಿತು. ಕಾಡಿನ ಹಕ್ಕಿಗಳಿಗೂ ಬಿಳಿ ಇಲಿ ತಿನ್ನಿಸಿದರು. ಗೂಡಿನ ಪೆಟ್ಟಿಗೆ ಕಟ್ಟಿದರು, ಮುಂಗುಸಿಗೆ ಬೋನು ಇಟ್ಟರು. 1994ರ ಹೊತ್ತಿಗೆ 300ಕ್ಕೂ ಹೆಚ್ಚು ಹಕ್ಕಿಗಳು ಕಾಡಿಗೆ ಹೋಗಿದ್ದವು.

ಕಾಡಿಗೆ ಬೇಲಿ ಹಾಕಿ ಸುಮ್ನೆ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ದ್ವೀಪದ ಮಟ್ಟಿಗೆ ನಾನು ಇದನ್ನು ಒಪ್ಪುವುದಿಲ್ಲ. ನಾವು ತಂದು ಬಿಟ್ಟದ್ದನ್ನು ನಾವೇ ತೆಗೆಯಬೇಕು. ಮಾರಿಷಸ್‌ನ ಉತ್ತರಕ್ಕಿರುವ ರೌಂಡ್ ಐಲ್ಯಾಂಡ್ ಅನ್ನುವ ಪುಟ್ಟ ದ್ವೀಪದಲ್ಲಿ ಮೇಕೆ, ಮೊಲಗಳು ಗಿಡಗಳನ್ನು ಬೋಳು ಮಾಡಿದ್ದವು. ಮೇಕೆಗಳನ್ನು 1979ರಲ್ಲಿ, ಮೊಲಗಳನ್ನು 1986ರಲ್ಲಿ ಪೂರ್ತಿ ತೆಗೆದರು. ಆಮೇಲೆ ತಾಳೆ ಜಾತಿಯ ಸಸಿಗಳು ತಾವಾಗಿಯೇ ಎದ್ದವು.

ಕಳೆದುಹೋದದ್ದರ ಕೆಲಸವನ್ನೂ ಯಾರಾದರೂ ಮಾಡಬೇಕಲ್ಲ! ಮಾರಿಷಸ್ ಕರಾವಳಿಯ ಹತ್ತಿರ ಇಲ್-ಒ-ಜೆಗ್ರೆಟ್ ಅನ್ನುವ 26 ಹೆಕ್ಟೇರಿನ ದ್ವೀಪದಲ್ಲಿ ಎಬೊನಿ, ಅಂದರೆ ಕರಿಮರಗಳಿವೆ. ಅದರ ಹಣ್ಣು ತಿಂದು ಬೀಜ ಹರಡುತ್ತಿದ್ದ ದೊಡ್ಡ ಆಮೆಗಳನ್ನು ಜನ ಹಿಂದೆಯೇ ತಿಂದು ಮುಗಿಸಿದ್ದರು. ಹಣ್ಣು ತಾಯಿಮರದ ಬುಡದಲ್ಲೇ ಬೀಳುತ್ತಿತ್ತು. 2000ದಲ್ಲಿ ಮೂಲತಃ ಸೇಶೆಲ್ಸ್‌ನ ಅಲ್ಡಾಬ್ರಾದ ಆಮೆಗಳನ್ನು ತಂದು ಅಲ್ಲಿ ಬಿಟ್ಟರು. ಈಗ ಅವು ಹಣ್ಣು ತಿಂದು ಬೀಜವನ್ನು ದೂರ ಒಯ್ಯುತ್ತವೆ. ಆಮೆಯ ಹೊಟ್ಟೆಯಿಂದ ಹೊರಬಂದ ಬೀಜ ಚೆನ್ನಾಗಿ ಮೊಳೆಯುತ್ತದೆ ಅನ್ನುವುದೂ ಕಂಡಿತು.

2020ರ ಜುಲೈನಲ್ಲಿ ಇದೇ ದ್ವೀಪದ ಹತ್ತಿರ ವಕಾಶಿಯೋ ಹಡಗು ಹವಳದ ದಿಬ್ಬಕ್ಕೆ ಬಡಿಯಿತು. ಆಗಸ್ಟ್‌ನಲ್ಲಿ ಸುಮಾರು 1,000 ಟನ್ ತೈಲ ಕಡಲಿಗೆ ಸೋರಿತು. ಊರಿನವರು ಕಬ್ಬಿನ ರವದಿಯನ್ನು ಬಟ್ಟೆಯಲ್ಲಿ ತುಂಬಿ ಹೊಲಿದು, ನೀರಿನ ಮೇಲೆ ತೇಲಿಬಿಟ್ಟು ತೈಲ ತಡೆದರು. ಅಪರೂಪದ ಹಕ್ಕಿ, ಹಲ್ಲಿ, ಸಸಿಗಳನ್ನು ಮಾರಿಷಸ್‌ನ ದೊಡ್ಡ ದ್ವೀಪಕ್ಕೆ ಸಾಗಿಸಿದರು. ಆ ಜನರ ಬಗ್ಗೆ ನನಗೆ ತುಂಬಾ ಗೌರವ.

ಚಾಣದ ಕೆಲಸ ಮಾತ್ರ ಮುಗಿದಿಲ್ಲ. ಹಕ್ಕಿ ಉಳಿಯಿತು ಅಂತ 1994ರಲ್ಲಿ ಅದರ ಅಪಾಯದ ದರ್ಜೆ ಇಳಿಸಿದ್ದರು. ಹೊಸ ಮರಿ ಬಿಡುವುದೂ ನಿಂತಿತ್ತು. ಮತ್ತೆ ಸಂಖ್ಯೆ ಕುಸಿಯಿತು. 2014ರಲ್ಲಿ ದರ್ಜೆಯನ್ನು ಮತ್ತೆ ಏರಿಸಬೇಕಾಯಿತು. ಮುಂಗುಸಿ, ಇಲಿ, ಕೋತಿ ಇನ್ನೂ ಅಲ್ಲೇ ಇವೆ. ಹಾಗಾಗಿ ಬೋನು ಇಡುವವರು, ಗೂಡಿನ ಪೆಟ್ಟಿಗೆ ನೋಡಿಕೊಳ್ಳುವವರು, ಅವರಿಗೆ ಸಂಬಳ ಕೊಡುವವರು ಪ್ರತಿ ವರ್ಷವೂ ಬೇಕು.