ಬಾಯಿ ಬಿಡದ ಕಕ್ಷಿದಾರ

ಕೇಳುಗರಿಗೆ ನಮಸ್ಕಾರ.

ಬಾನುಲಿಯಲ್ಲಿ ಮೌನಕ್ಕೆ ಜಾಗವಿಲ್ಲ. ನಾನೀಗ ಅರ್ಧ ನಿಮಿಷ ಸುಮ್ಮನಾದರೆ ನೀವು ರೇಡಿಯೊ ಕೆಟ್ಟಿತೆಂದು ಅದರ ನೆತ್ತಿಗೆ ಎರಡು ತಟ್ಟುತ್ತೀರಿ. ಇಂಥ ಕಡೆ ಕೂತು, ಬಾಯಿಯನ್ನೇ ಬಿಡದ ಒಬ್ಬ ಮನುಷ್ಯನ ಸಿನಿಮಾ ಕುರಿತು ಹೇಳಲು ಹೊರಟಿದ್ದೇನೆ. ಅದು 1980ರ ಹಿಂದಿ ಚಿತ್ರ 'ಆಕ್ರೋಶ್'.

ಲಹಾನ್ಯಾ ಭಿಕು ಆದಿವಾಸಿ ಕೂಲಿ. ಹೆಂಡತಿಯನ್ನು ಕೊಂದನೆಂದು ಅವನನ್ನು ಜೈಲಿಗೆ ಹಾಕಿದ್ದಾರೆ. ಅವಳ ಮೇಲೆ ಅತ್ಯಾಚಾರ ಮಾಡಿ ಕೊಂದವರು ಬೇರೆಯೇ ಇದ್ದಾರೆ, ಹೊರಗೆ ಆರಾಮಾಗಿದ್ದಾರೆ. ಅವನ ಪರವಾಗಿ ನೇಮಕವಾದ ಎಳೆಯ ವಕೀಲ ಭಾಸ್ಕರ ಕುಲಕರ್ಣಿ ಎಷ್ಟು ಗೋಗರೆದರೂ ಅವನಿಂದ ಒಂದಕ್ಷರ ಹೊರಡುವುದಿಲ್ಲ. ವಕೀಲನಾಗಿ ನಾಸೀರುದ್ದೀನ್ ಶಾ ಒದ್ದಾಡುತ್ತಾರೆ. ಲಹಾನ್ಯಾ ಆಗಿರುವ ಓಂ ಪುರಿ ಸುಮ್ಮನೆ ಕೂತಿರುತ್ತಾರೆ. ನಮ್ಮ ಕಣ್ಣು ಮಾತ್ರ ಕೂತವರ ಮೇಲಿಂದ ಕದಲುವುದಿಲ್ಲ.

ಭ್ರಷ್ಟಾಚಾರ ಎಂದೊಡನೆ ನಮಗೆ ಮೇಜಿನಡಿಯಿಂದ ಚಾಚುವ ಕೈ ನೆನಪಾಗುತ್ತದೆ. ಇಲ್ಲಿ ಎಲ್ಲವೂ ಮೇಜಿನ ಮೇಲೆಯೇ. ಸಂಜೆಯಾದರೆ ಪೊಲೀಸ್ ಅಧಿಕಾರಿ, ಡಾಕ್ಟರು, ರಾಜಕಾರಣಿ, ಕಾಡಿನ ಗುತ್ತಿಗೆದಾರ ಇಸ್ಪೀಟಿಗೆ ಕೂರುತ್ತಾರೆ. ಇಷ್ಟು ಸಲಿಗೆಯಿದ್ದ ಮೇಲೆ ಲಂಚ ಯಾಕೆ ಬೇಕು? ಎಲೆ ಕಲಸಿ ಹಂಚುವಷ್ಟರಲ್ಲಿ ಮೊಕದ್ದಮೆಯೂ ಇತ್ಯರ್ಥವಾಗಿರುತ್ತದೆ.

ಅದೇ ಆಟಕ್ಕೆ ಸರ್ಕಾರಿ ವಕೀಲ ದುಸಾನೆಯೂ ಬರುತ್ತಾನೆ. ಭಾಸ್ಕರನಿಗೆ ಕೆಲಸ ಕಲಿಸಿದ ಗುರು ಇವನೇ. ಮತ್ತೆ, ಇವನೂ ಆದಿವಾಸಿಯೇ, ಓದಿ ಮೇಲೆ ಬಂದವನು. ಮನೆಗೆ ಆಗಾಗ ಫೋನು ಬರುತ್ತದೆ, ಹೆಸರು ಹೇಳದ ಯಾರೋ ಇವನ ಹುಟ್ಟನ್ನು ಹಿಡಿದು ಬಯ್ಯುತ್ತಾರೆ. ಜೊತೆಗೆ ಕೂತು ಎಲೆ ಎತ್ತಬಹುದು, ಅವರಲ್ಲೊಬ್ಬನಾಗಲು ಆಗುವುದಿಲ್ಲ. ಅಮರೀಶ್ ಪುರಿಯನ್ನು ಬರೀ ಖಳನಾಗಿ ಬಲ್ಲವರು ಈ ಪಾತ್ರ ನೋಡಬೇಕು. ಜೈಲಿನಲ್ಲಿರುವವನ ಮೌನಕ್ಕಿಂತ ಇವನ ಮೌನವೇ ನನ್ನನ್ನು ಹೆಚ್ಚು ಕಾಡಿದೆ.

ಕಥೆ, ಚಿತ್ರಕಥೆ ವಿಜಯ ತೆಂಡೂಲ್ಕರ್ ಅವರದು. ನಿರ್ದೇಶಕ ಗೋವಿಂದ ನಿಹಲಾನಿ. ಅವರಿಗಿದು ಮೊದಲ ಚಿತ್ರ. ಹುಟ್ಟಿದ್ದು ಕರಾಚಿಯಲ್ಲಾದರೂ ಕ್ಯಾಮೆರಾ ಹಿಡಿಯಲು ಕಲಿತದ್ದು ನಮ್ಮ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಆಮೇಲೆ ಮೈಸೂರಿನ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರ ಸಹಾಯಕರಾದರು. ಗಿರೀಶ ಕಾರ್ನಾಡರ 'ಕಾಡು' ಚಿತ್ರಕ್ಕೂ ಅವರದೇ ಕ್ಯಾಮೆರಾ. 'ಆಕ್ರೋಶ್'ನ ಕತ್ತಲೆ ಅಷ್ಟು ದಟ್ಟವಾಗಿರುವುದಕ್ಕೆ ಈ ಪಾಠಗಳೂ ಕಾರಣವಿರಬೇಕು. ಒಂದು ತಕರಾರು ಮಾತ್ರ ಇದೆ: ಹೋರಾಟಗಾರನ ಪಾತ್ರ ಬಂದಾಗಲೆಲ್ಲ ಸಿನಿಮಾ ಸ್ವಲ್ಪ ಭಾಷಣವಾಗುತ್ತದೆ. ಭಾಷಣ ಮಾಡುತ್ತಲೇ ಹೀಗೆ ಹೇಳುತ್ತಿದ್ದೇನೆ, ಕ್ಷಮಿಸಿ.

ಕೊನೆಗೆ ಲಹಾನ್ಯಾನ ಅಪ್ಪ ಸಾಯುತ್ತಾನೆ. ಚಿತೆಗೆ ಬೆಂಕಿಯಿಡಲು ಮಗನನ್ನು ಬೇಡಿ ಹಾಕಿ ಕರೆತರುತ್ತಾರೆ. ಪಕ್ಕದಲ್ಲಿ ತಂಗಿ ನಿಂತಿದ್ದಾಳೆ. ಅವಳ ಮೇಲೆ ಯಾರ ಕಣ್ಣು ಬಿದ್ದಿದೆ ಎಂಬುದು ಅವನಿಗೆ ಕಾಣುತ್ತದೆ. ಕೈಗೆ ಕೊಡಲಿ ಸಿಗುತ್ತದೆ. ಅದು ಬೀಳುವುದು ಆ ಕಣ್ಣಿನವನ ಮೇಲಲ್ಲ, ತಂಗಿಯ ಮೇಲೆ.

ಆಮೇಲೆ ಅವನು ಮುಗಿಲಿಗೆ ಮುಖವೆತ್ತಿ ಕೂಗುತ್ತಾನೆ. ಮನೆಯಲ್ಲಿ ನೋಡುವುದಾದರೆ ಆ ಹೊತ್ತಿಗೆ ದಯವಿಟ್ಟು ಸದ್ದು ತಗ್ಗಿಸಬೇಡಿ.

ನಮಸ್ಕಾರ.