ಮಾಟುಂಗದಲ್ಲೊಂದು ಜಗಲಿ

ಕೇಳುಗರಿಗೆ ನಮಸ್ಕಾರ.

ಮುಂಬೈಯಲ್ಲಿ ನನ್ನ ಮನೆ ಇರುವುದು ಮುಲುಂಡಿನಲ್ಲಿ. ಮನೆ ಅಂದರೆ ಒಂದು ಕೋಣೆ, ಒಂದು ಅಡುಗೆಮನೆ. ಊರಿಂದ ನಾಲ್ಕು ಜನ ಬಂದರೆ ನಾನು ಬಾಗಿಲಲ್ಲಿ ನಿಲ್ಲಬೇಕು. ಕುಂದಾಪುರದ ಕಡೆಯ ನಮ್ಮ ಹಳೇ ಮನೆಗೆ ದೊಡ್ಡ ಜಗಲಿ ಇತ್ತು. ಬಂದವರು ಅಲ್ಲೇ ಕೂತು, ಬೆಲ್ಲ ನೀರು ಕುಡಿದು ಸುದ್ದಿ ಹೇಳುತ್ತಿದ್ದರು. ಈ ಊರಲ್ಲಿ ಜಗಲಿ ಎಲ್ಲಿ ತರೋಣ? ನಾನು ಮಾಟುಂಗದ ಉಡುಪಿ ಹೋಟೆಲುಗಳಲ್ಲಿ ಇಟ್ಟುಕೊಂಡಿದ್ದೇನೆ.

ನಾನು ಬಂದದ್ದು 1986ರಲ್ಲಿ. ಆಗ ಕೊಂಕಣ ರೈಲು ಇರಲಿಲ್ಲ, ಅದು ಪೂರ್ತಿ ಓಡಿದ್ದು 1998ರಲ್ಲಿ. ಒಂದು ಹಗಲು, ಒಂದು ರಾತ್ರಿ ಬಸ್ಸಲ್ಲಿ ಕೂತು, ಸೊಂಟ ಹಿಡಿದುಕೊಂಡು ಇಳಿದೆ. ಮಾವ ಮನೆಗೆ ಕರೆದುಕೊಂಡು ಹೋಗಲಿಲ್ಲ. ಪೆಟ್ಟಿಗೆ ಸಮೇತ ನೇರ ಮಾಟುಂಗ. "ಮೊದಲು ಉಣ್ಣು ಮಾರಾಯ, ಮುಂಬೈ ಎಲ್ಲಿಗೂ ಓಡಿಹೋಗುವುದಿಲ್ಲ" ಅಂದರು.

ಸ್ಟೇಷನ್ ಹತ್ತಿರದ ಮಾರ್ಕೆಟ್ ಕಟ್ಟಡದ ಮಹಡಿಯಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. 1942ರದ್ದು. ಎಲೆ ಹಾಕಿದರು. ಎದುರಿಗೆ ಯಾರೋ ಗುಜರಾತಿ ಹಿರಿಯರು. ಪ್ರಯಾಣದ ನಡುಕ ಇನ್ನೂ ಕೈಯಲ್ಲಿತ್ತೋ ಏನೋ, ನನ್ನ ಸಾರು ಎಲೆ ದಾಟಿ ಅವರ ಕಡೆ ಹೊರಟಿತು. ಅವರು ಮಾತಾಡಲಿಲ್ಲ. ತಮ್ಮ ಎಲೆಯ ಅನ್ನದಲ್ಲಿ ಹೊಂಡ ಮಾಡಿ, ಸುತ್ತ ಕಟ್ಟೆ ಕಟ್ಟಿ ತೋರಿಸಿದರು. ಕುಂದಾಪುರದ ಹುಡುಗನಿಗೆ ಗುಜರಾತಿಯವರು ಸಾರನ್ನ ಕಲಿಸಿದರು ಅಂದರೆ ಊರಲ್ಲಿ ಇವತ್ತಿಗೂ ನಗುತ್ತಾರೆ.

ಮಾಟುಂಗಕ್ಕೆ ಹೋಗಲು ಎಲ್ಲ ಸ್ಟೇಷನ್ನಲ್ಲೂ ನಿಲ್ಲುವ ಸ್ಲೋ ಲೋಕಲ್ ರೈಲೇ ಹಿಡಿಯಬೇಕು. ಫಾಸ್ಟ್ ಹತ್ತಿದರೆ ಕುರ್ಲಾ ಬಿಟ್ಟರೆ ದಾದರ್. ಒಮ್ಮೆ ಅಮ್ಮನನ್ನು ಕರೆದುಕೊಂಡು ಹೊರಟಾಗ ಅದೇ ತಪ್ಪು ಮಾಡಿದೆ. ಮಾಟುಂಗ ಕಿಟಕಿಯಲ್ಲಿ ಸರ್ರನೆ ಹೋಯಿತು. "ನಿನ್ನ ಜಗಲಿ ಹೋಯ್ತಲ್ಲೋ" ಅಂದಳು ಅಮ್ಮ. ದಾದರಿನಲ್ಲಿ ಇಳಿದು, ಸೇತುವೆ ಹತ್ತಿ, ವಾಪಸ್ ಸ್ಲೋ ಹಿಡಿದು ರಾಮಾಶ್ರಯ ಹೋಟೆಲ್ ಮುಟ್ಟುವಾಗ ಅವಳಿಗೆ ಸಿಟ್ಟು ಬಂದಿತ್ತು. ಪೈನಾಪಲ್ ಶೀರಾ ಬಂತು, ಸಿಟ್ಟು ಇಳಿಯಿತು. "ಇದು ನಮ್ಮ ಕೇಸರಿಬಾತೇ ಅಲ್ವಾ, ಹೆಸರು ಬೇರೆ ಇಟ್ಟು ದುಡ್ಡು ಜಾಸ್ತಿ ತಗೊಳ್ತಾರೆ" ಅಂದಳು. ಇನ್ನೊಂದು ಪ್ಲೇಟ್ ಹೇಳಿದಳು.

ಇಲ್ಲಿನ ಸಪ್ಲೈಯರನ್ನು ಸುಮ್ನೆ ನೋಡುತ್ತಾ ಕೂರುವುದು ನನಗಿಷ್ಟ. ಗಿರಾಕಿಯ ಹತ್ತಿರ ಹಿಂದಿ, ಒಳಗೆ ಅಡುಗೆಯವರ ಹತ್ತಿರ ತುಳು, ನನ್ನ ಹತ್ತಿರ ಕನ್ನಡ. ಒಂದು ಕಾಫಿ ತರುವಷ್ಟರಲ್ಲಿ ಮೂರು ಭಾಷೆ ದಾಟಿ ಬಂದಿರುತ್ತಾನೆ. ಹಿಂದೆ ಹಗಲೆಲ್ಲ ಕಪ್ಪು ಬಸಿ ತೊಳೆದ ಹುಡುಗರು ರಾತ್ರಿ ಕನ್ನಡ ಶಾಲೆಗೆ ಹೋಗುತ್ತಿದ್ದರು. ಹಾಗೆ ಓದಿ ವಕೀಲರಾದವರು, ಬ್ಯಾಂಕ್ ಸೇರಿದವರು, ತಾವೇ ಹೋಟೆಲ್ ಇಟ್ಟವರು ಈ ಊರಲ್ಲಿ ಬೇಕಾದಷ್ಟಿದ್ದಾರೆ. ಆ ರಾತ್ರಿ ಶಾಲೆಗಳಲ್ಲಿ ಹೆಚ್ಚಿನವು ಈಗ ಮುಚ್ಚಿವೆ. ಹುಡುಗರು ಬೇರೆ ಕಡೆಯಿಂದ ಬರುತ್ತಿದ್ದಾರೆ, ತುಳು ಕೇಳುವುದೂ ಕಡಿಮೆಯಾಗುತ್ತಿದೆ.

ವಡಾಪಾವ್ ಬಗ್ಗೆ ಹೇಳಲಿಲ್ಲ ಅನ್ನಬೇಡಿ. ಅದು ನಿಂತು ತಿನ್ನುವ ತಿಂಡಿ, ಜಗಲಿಯದ್ದಲ್ಲ. ಬೀದಿ ಗಾಡಿಯವರ ಮೈಸೂರು ಮಸಾಲೆ ದೋಸೆಯದ್ದು ಮಾತ್ರ ಒಂದು ದೂರಿದೆ. ಬೀಟ್‌ರೂಟ್, ದೊಣ್ಣಮೆಣಸು, ಪಾವ್ ಭಾಜಿ ಮಸಾಲೆ, ಬೆಣ್ಣೆ, ಎಲ್ಲ ಇರುತ್ತದೆ. ಮೈಸೂರು ಇರುವುದಿಲ್ಲ. ಆದರೂ ತಿನ್ನುತ್ತೇನೆ, ಏನು ಮಾಡುವುದು, ರುಚಿ ಇದೆ.

ಮೊನ್ನೆ ಭಾನುವಾರ ಕೆಫೆ ಮದ್ರಾಸ್ ಮುಂದೆ ನಿಂತಿದ್ದೆ. ಹೆಸರು ಮದ್ರಾಸ್, ನಡೆಸುವವರು ನಮ್ಮ ಕಾಮತರು. ಫುಟ್‌ಪಾತ್ ತುಂಬ ಜನ. ಹೆಸರು ಬರೆಸಿ ಮುಕ್ಕಾಲು ಗಂಟೆ ಕಾದ ಮೇಲೆ ಒಳಗೆ ಕರೆದರು. ನಾಲ್ಕು ಜನರ ಮೇಜಿನಲ್ಲಿ ನಾನೊಬ್ಬ, ಉಳಿದ ಮೂವರು ಯಾರೋ. ಕಾಲೇಜು ಹುಡುಗಿಯೊಬ್ಬಳು ರಸಂ ವಡೆಯನ್ನು ಚಮಚದಲ್ಲಿ ಒತ್ತಿದಳು. ವಡೆ ಜಾರಿತು, ರಸಂ ಮೇಜಿನ ಮೇಲೆ ಹರಿದು ನನ್ನ ಕಡೆ ಹೊರಟಿತು. ನಾನೂ ಮಾತಾಡಲಿಲ್ಲ. ನನ್ನ ವಡೆಯನ್ನು ಕೈಯಲ್ಲಿ ಮುರಿದು, ನೆನೆಯಲು ಬಿಟ್ಟು ತೋರಿಸಿದೆ. ಅವಳು ಚಮಚ ಕೆಳಗಿಟ್ಟಳು.

ಅಷ್ಟರಲ್ಲಿ ಬಿಲ್ ಬಂತು. ಬಾಗಿಲಲ್ಲಿ ಇನ್ಯಾರದೋ ಹೆಸರು ಕೂಗುತ್ತಿದ್ದರು. ಎದ್ದೆ.

ನಮಸ್ಕಾರ.